ಕೋಡಿ ಇಲ್ಲದ ಅಣೆಕಟ್ಟು

ನಮ್ಮ ಮಾವ ಹೊರಗಡೆ ಟೀ ಕುಡಿಯುವುದನ್ನು ಯಾವಾಗ ಬಿಟ್ಟರೆಂದು ನನಗೆ ಸರಿಯಾಗಿ ನೆನಪಿಲ್ಲ. ಹಾಸನಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂರುತ್ತಿದ್ದೆವು. ನನಗೆ ಟೀ ಹೇಳಿ ತಾವು ಸುಮ್ಮನೆ ಕೂತುಬಿಡುತ್ತಿದ್ದರು.

“ನೀವೂ ತಗೊಳ್ಳಿ ಮಾವ.”

“ನಂಗೆ ಬ್ಯಾಡ ಕಣಮ್ಮ. ಗ್ಯಾಸ್ಟ್ರಿಕ್ಕು.”

ಟೀ ಇಲ್ಲದೆ ದಿನ ಕಳೆದವರಲ್ಲ ಅವರು. ಗೊರೂರು ಅಣೆಕಟ್ಟೆಯ ಮೇಲೆ ಗೇಟು ಮೆಕ್ಯಾನಿಕ್ ಆಗಿದ್ದ ಕಾಲದಲ್ಲಿ ಫ್ಲಾಸ್ಕನ್ನು ಸೈಕಲ್ಲಿಗೆ ನೇತುಹಾಕಿಕೊಂಡೇ ಡ್ಯೂಟಿಗೆ ಹೋಗುತ್ತಿದ್ದರಂತೆ. ಗ್ಯಾಸ್ಟ್ರಿಕ್ಕು ಇದ್ದದ್ದು ಹೊಟ್ಟೆಯಲ್ಲಲ್ಲ, ಬಲಗೈಯಲ್ಲಿ. ಆ ಕೈ ನಡುಗತೊಡಗಿತ್ತು. ಲೋಟ ಹಿಡಿದರೆ ಅದು ಬಟ್ಟಲಿಗೆ ತಾಗಿ ಕಿಣಿಕಿಣಿ ಎನ್ನುತ್ತಿತ್ತು. ಹೋಟೆಲಿನಲ್ಲಿ ನಾಲ್ಕು ಜನರ ಎದುರು ಆ ಸದ್ದು ಕೇಳುವುದು ಅವರಿಗೆ ಬೇಕಿರಲಿಲ್ಲ.

ಮನೆಯಲ್ಲಿ ನಮ್ಮತ್ತೆ ಇದಕ್ಕೆ ತಮ್ಮದೇ ಉಪಾಯ ಮಾಡಿಕೊಂಡಿದ್ದರು. ಮೊದಲೆಲ್ಲ ಲೋಟದ ಅಂಚಿನವರೆಗೆ ಸುರಿದುಕೊಡುತ್ತಿದ್ದವರು ಅರ್ಧ ಲೋಟ ಕೊಡತೊಡಗಿದರು. ಮಾವ ಕುಡಿದು ಮುಗಿಸುವ ಹೊತ್ತಿಗೆ ಯಾವುದೋ ಕೆಲಸಕ್ಕೆಂಬಂತೆ ಬಂದು ಇನ್ನರ್ಧ ಸುರಿದು ಹೋಗುತ್ತಿದ್ದರು. ಯಾಕೆ ಹೀಗೆ ಎಂದು ಮಾವ ಕೇಳಲಿಲ್ಲ, ಅತ್ತೆ ಹೇಳಲಿಲ್ಲ. ಅವರ ಅಂಗಿಗಳ ಗುಂಡಿ ಕಿತ್ತು ಒಳಗಡೆ ಅಂಟುವ ಪಟ್ಟಿ ಹೊಲಿದದ್ದೂ ಹಾಗೆಯೇ, ಮಧ್ಯಾಹ್ನ ಅವರು ಮಲಗಿದ್ದಾಗ. ಗುಂಡಿಗಳನ್ನು ಮಾತ್ರ ಮೇಲೆ ಮೊದಲಿನಂತೆಯೇ ಕೂರಿಸಿದ್ದರು, ನೋಡುವವರಿಗೆ ಕಾಣಲೆಂದು.

ಮಾವನಿಗೆ ತಮ್ಮ ಕೈಯ ಮೇಲೆ ಇದ್ದ ಹೆಮ್ಮೆ ಅಷ್ಟಿಷ್ಟಲ್ಲ. ನಾನು ಚನ್ನರಾಯಪಟ್ಟಣದಿಂದ ಮದುವೆಯಾಗಿ ಹೊಳೆನರಸೀಪುರದ ಈ ಮನೆಗೆ ಬಂದ ಮೊದಲ ವಾರವೇ ಅಂಗೈ ತೋರಿಸಿ ಹೇಳಿದ್ದರು.

“ನೋಡ್ಕೊ ಮಗ. ಹೇಮಾವತಿ ಹೊಳೇನ ಈ ಒಂದ್ ಕೈಲಿ ತಡ್ದು ನಿಲ್ಸಿದೀನಿ.”

ಅಡುಗೆಮನೆಯಿಂದ ಅತ್ತೆಯ ದನಿ ಬಂದಿತ್ತು. “ಹೊಳೆ ತಡೆದ್ರಿ, ಸರಿ. ಬಚ್ಚಲಲ್ಲಿ ನಲ್ಲಿ ಸೋರ್ತಾ ಕೂತದೆ. ಅದನ್ನೂ ಒಸಿ ತಡೀರಿ.”

ನಮ್ಮದು ಚಿಕ್ಕ ಚರ್ಚು. ಭಾನುವಾರದ ಪೂಜೆಗೆ ಬರುವ ಮನೆಗಳೆಲ್ಲ ಒಬ್ಬರಿಗೊಬ್ಬರು ಗೊತ್ತು. ಯಾರ ಮನೆಯಲ್ಲಿ ಯಾವ ಸಾರು ಎಂಬುದೂ ಗೊತ್ತು. ಕ್ರಿಸ್ಮಸ್ಸಿಗೆ ಪೀಠದ ಎಡಗಡೆ ಗೋದಲಿ ಕಟ್ಟುತ್ತೇವೆ. ಬಾಲಯೇಸು ಹುಟ್ಟಿದ ಆ ದನದ ಕೊಟ್ಟಿಗೆ, ಅದರ ಸುತ್ತ ಬೆಟ್ಟ, ದಾರಿ, ಕುರಿ ಕಾಯುವವರು. ನಮ್ಮಲ್ಲಿ ಒಂದು ವಾಡಿಕೆ ಇದೆ. ಗೋದಲಿ ಕಟ್ಟಿದವರೇ ಕ್ರಿಸ್ಮಸ್ ಹಿಂದಿನ ಸಂಜೆ ಬಾಲಯೇಸುವಿನ ಪ್ರತಿಮೆಯನ್ನು ಬಾಗಿಲಿನಿಂದ ಎತ್ತಿಕೊಂಡು ಬಂದು ಗೋದಲಿಯ ಹುಲ್ಲಿನ ಮೇಲೆ ಮಲಗಿಸಬೇಕು. ಚರ್ಚಿನ ದೀಪಗಳನ್ನೆಲ್ಲ ಆರಿಸಿರುತ್ತಾರೆ. ಮೇಣದಬತ್ತಿ ಹಿಡಿದ ಜನ ಎರಡೂ ಕಡೆ ನಿಂತಿರುತ್ತಾರೆ. ನಡುವೆ ಆ ಒಬ್ಬರು ನಡೆದು ಬರುತ್ತಾರೆ. ನಾನು ಈ ಊರಿಗೆ ಬಂದಾಗಿನಿಂದ ಆ ಒಬ್ಬರು ನಮ್ಮ ಮಾವನೇ.

ಆ ಪ್ರತಿಮೆ ಹಳೆಯದು, ಪ್ಲಾಸ್ಟರಿನದು. ನಿಜವಾದ ಎಳೆಕೂಸಿನಷ್ಟೇ ಗಾತ್ರ, ಅಷ್ಟೇ ತೂಕ. ಎಡಗೈಯ ಕಿರುಬೆರಳು ಒಮ್ಮೆ ಮುರಿದಿತ್ತು. ಮಾವ ಎಂ-ಸೀಲಿನಲ್ಲಿ ಹೊಸ ಬೆರಳು ಮಾಡಿ, ಉಗುರನ್ನೂ ಕೆತ್ತಿ ಬಣ್ಣ ಹಚ್ಚಿದ್ದರು. ಹತ್ತಿರ ಹೋಗಿ ನೋಡಿದರೂ ಯಾವ ಬೆರಳು ಹೊಸದೆಂದು ಗೊತ್ತಾಗುವುದಿಲ್ಲ. ಗೊತ್ತಾಗುವುದಿಲ್ಲ ಎಂದು ಮಾವನೇ ಪ್ರತಿವರ್ಷ ಎಲ್ಲರಿಗೂ ತೋರಿಸಿ ಹೇಳುತ್ತಿದ್ದರಿಂದ ಎಲ್ಲರಿಗೂ ಗೊತ್ತಿತ್ತು.

ಹೋದ ವರ್ಷಕ್ಕೂ ಹಿಂದಿನ ಕ್ರಿಸ್ಮಸ್ಸಿನಲ್ಲಿ ಅವರು ಪ್ರತಿಮೆ ಎತ್ತಿಕೊಂಡು ಬರುವಾಗ, ಪೀಠದ ಮೆಟ್ಟಿಲ ಹತ್ತಿರ ಒಂದು ಕ್ಷಣ ಅದು ವಾಲಿತು. ಎದೆಗೆ ಅವಚಿಕೊಂಡು ಸಾವರಿಸಿದರು. ಕತ್ತಲಲ್ಲಿ ಯಾರೂ ನೋಡಲಿಲ್ಲ ಎಂದುಕೊಂಡರು. ನಾನು ನೋಡಿದ್ದೆ, ಅತ್ತೆ ನೋಡಿದ್ದರು. ಎದುರಿಗೇ ನಿಂತಿದ್ದ ಫಾದರೂ ನೋಡಿದ್ದರು.

ನಮ್ಮ ಫಾದರ್ ಇನ್ನೂ ಚಿಕ್ಕ ವಯಸ್ಸಿನವರು, ಮಾತು ಮೆತ್ತಗೆ. ಅದಾದ ಮರುವರ್ಷ ನವೆಂಬರಿನಲ್ಲಿ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಮಾವನನ್ನು ಪಕ್ಕಕ್ಕೆ ಕರೆದರು. ನಾನು ಹೂದಾನಿಗಳ ನೀರು ಬದಲಾಯಿಸುತ್ತಿದ್ದೆ.

“ಅಂಕಲ್, ಈ ಸಲ ಗೋದಲಿ ಕೆಲಸ ನಮ್ಮ ಚರ್ಚಿನ ಯೂತ್‌ನವರು ಮಾಡ್ತೀವಿ ಅಂತಿದ್ದಾರೆ. ನೀವು ಕೂತ್ಕೊಂಡು ಹೇಳಿಕೊಟ್ರೆ ಸಾಕು.”

“ಯಾಕೆ ಫಾದರ್? ನಂಗೇನಾಗಿದೆ?”

“ಏನೂ ಆಗಿಲ್ಲ. ನಿಮಗೂ ಸ್ವಲ್ಪ ವಿಶ್ರಾಂತಿ...”

“ವಿಶ್ರಾಂತಿ ಸತ್ತ ಮೇಲೆ ಇದ್ದೇ ಇದೆ, ಬಿಡಿ.” ಮಾವ ನಕ್ಕರು. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. “ಈ ಸಲ ನೋಡಿ ಹೆಂಗ್ ಕಟ್ತೀನಿ. ಹಾಸನದೋರು ಬಂದ್ ನೋಡ್ಬೇಕು, ಅಂಗೆ.”

ಮನೆಗೆ ಬಂದವರು ಅನ್ನ ಅರ್ಧಕ್ಕೇ ಬಿಟ್ಟೆದ್ದರು. ಸಂಜೆ ವರಾಂಡದಲ್ಲಿ ಕೂತು ನನ್ನನ್ನು ಕರೆದು ಗುಟ್ಟಿನಲ್ಲಿ ಹೇಳಿದರು. “ಮಗ, ಈ ಸಲ ಗೋದಲಿಲಿ ಡ್ಯಾಮ್ ಕಟ್ಟಾಣ. ನಮ್ಮ ಗೊರೂರು ಡ್ಯಾಮು. ನಿಜವಾದ್ ನೀರು, ನಿಜವಾದ್ ಗೇಟು. ಪೂಜೇಲಿ ದೇವ್ರ ಮಹಿಮೆ ಹಾಡೋವಾಗ ಗಂಟೆ ಹೊಡೀತಾರಲ್ಲ, ಆಗ ಗೇಟೆಲ್ಲ ಎತ್ತಿಬಿಡೋದು. ನೀರು ಬೆತ್ಲೆಹೇಮಿನ ಮುಂದೆ ಹರ್ಕಂಡ್ ಹೋಗ್ತದೆ.”

ಬೆತ್ಲೆಹೇಮಿನಲ್ಲಿ ಅಣೆಕಟ್ಟು ಇತ್ತೇ ಎಂದು ನಾನು ಕೇಳಲಿಲ್ಲ. ಅವರ ಮುಖದಲ್ಲಿ ಬೆಳಗ್ಗೆ ಇದ್ದ ಕಪ್ಪು ಹೋಗಿತ್ತು, ಅಷ್ಟು ಸಾಕಿತ್ತು. ಅತ್ತೆ ಮಾತ್ರ ಒಳಗಿನಿಂದಲೇ ಕೇಳಿಸಿಕೊಂಡು ಹೇಳಿದರು. “ದೇವ್ರು ಹುಟ್ಟಿದ್ದು ದನದ ಕೊಟ್ಟಿಗೇಲಿ. ಇವ್ರು ಕಟ್ಟಿದ್ರೆ ನೀರಾವರಿ ಇಲಾಖೆ ಕ್ವಾರ್ಟರ್ಸಲ್ಲಿ ಹುಟ್ತಾನೆ.”

ಮುಂದಿನ ಸಲ ಹಾಸನಕ್ಕೆ ಹೋದಾಗ ಡಾಕ್ಟರು ಮಾತ್ರೆ ಹೆಚ್ಚಿಸಿ, “ನಡುಕ ಪೂರ್ತಿ ಹೋಗಲ್ಲ ತಾತ, ಜೊತೆಗೆ ಬಾಳೋದು ಕಲೀಬೇಕು” ಎಂದರು. ಮಾವ ತಲೆಯಾಡಿಸಿ, ಹೊರಗೆ ಬಂದವರೇ ಆಟೋ ಹಿಡಿದು ಅಲಂಕಾರದ ಮೀನು ಮಾರುವ ಅಂಗಡಿಗೆ ಹೋದರು. ಮೀನಿನ ತೊಟ್ಟಿಗೆ ಹಾಕುವ ಚಿಕ್ಕ ಪಂಪು ಕೊಂಡರು. ಬಸ್ಸಿನಲ್ಲಿ ಅದನ್ನು ಎರಡೂ ಕೈಯಲ್ಲಿ ಮಡಿಲ ಮೇಲೆ ಒತ್ತಿ ಹಿಡಿದಿದ್ದರು. ಹಿಡಿದ ಪೊಟ್ಟಣದ ಪ್ಲಾಸ್ಟಿಕ್ಕು ಹೊಳೆನರಸೀಪುರದವರೆಗೂ ಸಣ್ಣಗೆ ಸದ್ದು ಮಾಡುತ್ತಲೇ ಬಂತು.

ಡಿಸೆಂಬರು ಹಿಡಿದ ಮೇಲೆ ದಿನಾ ಸಂಜೆ ನಾವಿಬ್ಬರೂ ಚರ್ಚಿಗೆ ಹೋಗುತ್ತಿದ್ದೆವು. ಗೋದಲಿಯ ಗದ್ದೆಗೆ ಹಸಿರು ಬೇಕಲ್ಲ, ನಾನು ಹಳೆಯ ತಟ್ಟೆಗಳಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಿ ಪೈರು ಬರಿಸುತ್ತಿದ್ದೆ. ಮಾವ ಥರ್ಮೋಕೋಲ್ ಕತ್ತರಿಸಿ, ಪ್ಲಾಸ್ಟರ್ ಮೆತ್ತಿ, ಅಣೆಕಟ್ಟೆಯ ಗೋಡೆ ಎಬ್ಬಿಸಿದರು. ಹಿಂದೆ, ಗೋಡೆಯ ಕಡೆಯ ಅಂಚು ಕತ್ತರಿಸಿ ಕೂರಿಸಿದ ಒಂದು ದೊಡ್ಡ ಟಬ್ಬು. ಗೇಟುಗಳಿಗೆ ತಗಡಿನ ತುಂಡು, ಎತ್ತಲು ಮೀನು ಹಿಡಿಯುವ ನೈಲಾನ್ ದಾರ. ದೊಡ್ಡ ಕೆಲಸಗಳನ್ನು ಅವರು ಚೆನ್ನಾಗಿಯೇ ಮಾಡಿದರು. ತೂತಿನಲ್ಲಿ ದಾರ ಪೋಣಿಸುವುದು, ಸೀರಿಯಲ್ ಸೆಟ್ಟಿನ ತಂತಿ ಸುತ್ತುವುದು, ಪುಟ್ಟ ಸ್ಕ್ರೂ ತಿರುಗಿಸುವುದು ಬಂದಾಗ, “ಕನ್ನಡಕ ತರಲಿಲ್ಲ ಮಗ, ನೀನೊಸಿ ನೋಡು” ಎನ್ನುತ್ತಿದ್ದರು. ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು. ನಾನು ಪೋಣಿಸಿಕೊಡುತ್ತಿದ್ದೆ. ಯಾರಾದರೂ ನೋಡಲು ಬಂದರೆ, “ಎಲ್ಲಾ ನಾನೇ. ಒಂದು ದಾರಾನೂ ಬೇರೆಯೋರು ಮುಟ್ಟಿಲ್ಲ” ಎನ್ನುತ್ತಿದ್ದರು. ನಾನು ರಾಗಿ ತಟ್ಟೆಗೆ ನೀರು ಚಿಮುಕಿಸುತ್ತ ತಗ್ಗಿಸಿದ ತಲೆ ಎತ್ತುತ್ತಿರಲಿಲ್ಲ, ನಗು ಕಾಣಬಾರದೆಂದು.

ಆಗೆಲ್ಲ ನನಗೆ ಚನ್ನರಾಯಪಟ್ಟಣದಲ್ಲಿ ನಾನು ಓದಿದ ಕಾನ್ವೆಂಟು ನೆನಪಾಗುತ್ತಿತ್ತು. ನಮ್ಮ ಕ್ಲಾಸಿನ ಸಿಸ್ಟರ್ ಒಬ್ಬರು ನೀಲಿ ಬಟ್ಟೆಯಲ್ಲಿ ಒಂದು ಬ್ಯಾಡ್ಜ್ ಹೊಲಿದಿದ್ದರು. ಪ್ರತಿ ತಿಂಗಳೂ ಕ್ಲಾಸಿನಲ್ಲಿ ಎಲ್ಲರಿಗಿಂತ ವಿನಯವಂತೆ ಯಾರೋ ಅವಳಿಗೆ ಆ ಬ್ಯಾಡ್ಜ್. ಅದನ್ನು ಸಿಕ್ಕಿಸಿಕೊಂಡವಳು ತಿಂಗಳು ಪೂರ್ತಿ ಎದೆ ಮುಂದೆ ಮಾಡಿಕೊಂಡೇ ನಡೆಯುತ್ತಿದ್ದಳು. ಸಿಗದವರು ಸಿಸ್ಟರ್ ಕಣ್ಣಿಗೆ ಬೀಳುವ ಹಾಗೆ ನೆಲದ ಕಾಗದ ಹೆಕ್ಕುತ್ತಿದ್ದೆವು. ಒಬ್ಬಳಂತೂ ಹೆಕ್ಕಲೆಂದೇ ಕಾಗದ ಹರಿದು ಹಾಕುತ್ತಿದ್ದಳು. ಕಡೆಗೆ ಸಿಸ್ಟರೇ ಬಿದ್ದು ಬಿದ್ದು ನಕ್ಕು ಆ ಬ್ಯಾಡ್ಜನ್ನು ಬೀರುವಿನೊಳಗೆ ಹಾಕಿ ಬೀಗ ಹಾಕಿದರು.

ನಮ್ಮಂಥವರ ಅಹಂಕಾರಕ್ಕೆ ಬೇರೆ ವೇಷ ಬೇಕಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಅದು ಚಪ್ಪಲಿ ಹೊರಗೆ ಬಿಟ್ಟು, ತಲೆಗೆ ಸೆರಗು ಹೊದ್ದು, ಸೇವೆ ಮಾಡುತ್ತೇನೆ ಎಂದುಕೊಂಡೇ ಚರ್ಚಿನೊಳಗೆ ಬರುತ್ತದೆ. ಬಂದು ಮುಂದಿನ ಬೆಂಚಿನಲ್ಲಿ ಮೊಣಕಾಲೂರುತ್ತದೆ. ಹಾಗಾಗಿ ಗುರುತು ಹಿಡಿಯುವುದು ಕಷ್ಟ. ಮಾವನದು ಕೆಟ್ಟ ಹೆಮ್ಮೆ ಅಂತಲೂ ನನಗೆ ಹೇಳಲಾಗದು. ದೇವರಿಗೆ ಕೊಡುವುದು ಅಚ್ಚುಕಟ್ಟಾಗಿರಬೇಕು ಎಂಬ ಆಸೆಯಲ್ಲೇ ಅದು ಹುಟ್ಟಿದ್ದು. ಎಲ್ಲಿ ಆಸೆ ಮುಗಿದು ಹೆಮ್ಮೆ ಶುರುವಾಯಿತು ಎಂಬ ಗೆರೆ ಮಾತ್ರ ಹತ್ತಿರದಲ್ಲಿದ್ದ ನನಗೂ ಕಾಣಲಿಲ್ಲ.

ಗೋದಲಿಗೆ ಹುಲ್ಲು ಕೊಡುವವರು ನಮ್ಮ ಪಕ್ಕದ ಮನೆಯ ಗೌಡರು. ಮಾವನ ವಯಸ್ಸಿನವರೇ, ಗೆಳೆಯರು. ಪ್ರತಿವರ್ಷ ತಮ್ಮ ಗದ್ದೆಯ ಹೊಸ ಭತ್ತದ ಹುಲ್ಲನ್ನು ಕಟ್ಟು ಕಟ್ಟಿ ತಾವೇ ಹೆಗಲ ಮೇಲೆ ಹೊತ್ತು ತರುತ್ತಾರೆ. “ನಿಮ್ ದೇವ್ರು ಮಲಗೋದು ನಮ್ ಉಲ್ಲಿನ್ ಮ್ಯಾಲೆ” ಎಂಬುದು ಅವರ ಹೆಮ್ಮೆ. ಆ ಸಲವೂ ತಂದರು. ಅಣೆಕಟ್ಟು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಏನ್ ಯಜಮಾನ್ರೆ, ಈ ವರ್ಸ ನಾಲೆಗೆ ಎಷ್ಟ್ ನೀರ್ ಬಿಡ್ತೀರಿ? ಬ್ಯಾಸ್ಗೆ ಬೆಳೆಗೆ ಸಾಕಾಯ್ತದಾ?”

“ಅರ್ಜಿ ಕೊಡು ಗೌಡ, ನೋಡಾಣ.”

ಅತ್ತೆ ಚರ್ಚಿನ ನೆಲ ಗುಡಿಸುತ್ತಿದ್ದರು. ಅದು ಅವರ ಕೆಲಸ. ಯಾರೂ ಹೇಳಿದ್ದಲ್ಲ, ಮೊದಲಿನಿಂದಲೂ ಹಾಗೆ ಬಂದಿತ್ತು. ಪೊರಕೆ ನಿಲ್ಲಿಸಿ ಅಣೆಕಟ್ಟನ್ನೇ ನೋಡಿದರು.

“ರೀ, ಇದಕ್ಕೆ ಕೋಡಿ ಎಲ್ಲಿ?”

ಕೆರೆ ಕಟ್ಟೆಗಳಲ್ಲಿ ನೀರು ಹೆಚ್ಚಾದರೆ ತಾನೇ ಹರಿದುಹೋಗಲು ಬದಿಯಲ್ಲಿ ತಗ್ಗು ಬಿಟ್ಟಿರುತ್ತಾರಲ್ಲ, ಅದು ಕೋಡಿ. ಮಾವನ ಟಬ್ಬಿನಲ್ಲಿ ಅಂಥದ್ದೇನೂ ಇರಲಿಲ್ಲ. ಹಿಂದಿಟ್ಟ ಡ್ರಮ್ಮಿನಿಂದ ಪಂಪು ನೀರು ತುಂಬುತ್ತಲೇ ಇರುತ್ತದೆ, ಗೇಟು ಎತ್ತಿದರೆ ಮಾತ್ರ ಹೊರಗೆ.

“ಗೇಟು ನನ್ ಕೈಲಿರೋವಾಗ ಕೋಡಿ ಯಾಕ್ ಬೇಕು?” ಎಂದರು ಮಾವ.

“ಕೆರೆಗಾದ್ರೂ ಕೋಡಿ ಅಂತ ಒಂದಿರ್ತದೆ. ನಿಮ್ಗೇ ಇಲ್ಲ” ಎಂದು ಅತ್ತೆ ಮತ್ತೆ ಗುಡಿಸಲು ಬಗ್ಗಿದರು. ಗೌಡರು ಹೋ ಎಂದು ನಕ್ಕರು. ಮಾವ ನಗಲಿಲ್ಲ.

ಕ್ರಿಸ್ಮಸ್ ಹಿಂದಿನ ಸಂಜೆ ನಮ್ಮಲ್ಲಿ ಪೂಜೆ ಬೇಗ. ಇಲ್ಲಿ ಮುಗಿಸಿಕೊಂಡು ಫಾದರ್ ಅರಕಲಗೂಡಿಗೆ ಹೋಗಿ ಅಲ್ಲೂ ಪೂಜೆ ಮಾಡಬೇಕು. ಇನ್ನೂ ಬೆಳಕಿರುವಾಗಲೇ ನಾವು ಚರ್ಚಿಗೆ ಹೋದೆವು. ಬೆಳಗ್ಗೆಯೆಲ್ಲ ಕಜ್ಜಾಯ ಸುಟ್ಟ ಎಣ್ಣೆಯ ವಾಸನೆ ಅತ್ತೆಯ ರೇಷ್ಮೆ ಸೀರೆಗೂ ಹತ್ತಿತ್ತು. ಮಾವ ಇಸ್ತ್ರಿಯ ಬಿಳಿ ಅಂಗಿ ಹಾಕಿ, ಚಳಿಗೆ ಕತ್ತಿಗೆ ಬೂದು ಮಫ್ಲರ್ ಸುತ್ತಿದ್ದರು. ದಾರಿಯುದ್ದಕ್ಕೂ ಹೆಬ್ಬೆರಳಿನಿಂದ ಬೇರೆ ಬೆರಳುಗಳನ್ನು ಒತ್ತಿಕೊಳ್ಳುತ್ತಿದ್ದರು. ಇವತ್ತು ಒಂದೇ ಒಂದು ದಿನ ನಿಂತುಕೋ ಎಂದು ಕೈಯನ್ನು ಕೇಳಿಕೊಳ್ಳುತ್ತಿರುವಂತೆ ಕಂಡಿತು ನನಗೆ.

ಫಾದರ್ ಯೂತಿನವರಿಗೆ ಏನನ್ನೂ ವಹಿಸಿರಲಿಲ್ಲ. ಆದರೆ ಬಾಲಯೇಸುವನ್ನು ಯಾರು ಎತ್ತಿಕೊಳ್ಳುತ್ತಾರೆ ಎಂಬುದನ್ನೂ ಹೇಳಿರಲಿಲ್ಲ. ಮಾವ ಕೇಳಲೂ ಇಲ್ಲ. ಗೋದಲಿ ಚೆನ್ನಾಗಿ ನಡೆದುಬಿಟ್ಟರೆ ಕೇಳುವ ಪ್ರಶ್ನೆಯೇ ಬರುವುದಿಲ್ಲ ಎಂಬುದು ಅವರ ಲೆಕ್ಕ.

ಜನ ಬರತೊಡಗಿದರು. ಎಲ್ಲರೂ ಮೊದಲು ಗೋದಲಿಯ ಹತ್ತಿರವೇ. ನಿಜಕ್ಕೂ ಅದು ಚೆಂದವಾಗಿತ್ತು. ಅಣೆಕಟ್ಟೆಯ ಮೇಲೆ ಸಾಲು ದೀಪ, ಹಿಂದೆ ತುಂಬಿದ ನೀರು, ಕೆಳಗೆ ನನ್ನ ರಾಗಿ ಪೈರು, ಅದರಾಚೆ ಗೌಡರ ಹುಲ್ಲಿನ ಕೊಟ್ಟಿಗೆ. ಎಷ್ಟು ಚೆಂದವಾಗಿತ್ತೆಂದರೆ ಕೊಟ್ಟಿಗೆ ಎಲ್ಲಿದೆ ಎಂದು ಒಬ್ಬಿಬ್ಬರು ಕೇಳಿದರು.

ಗೌಡರೂ ಮನೆಯವರನ್ನೆಲ್ಲ ಕರೆದುಕೊಂಡು ಬಂದರು. “ಪೂಜೆ ಗಂಟ ನಾವ್ ಇರಾಕಾಗಲ್ಲ ಯಜಮಾನ್ರೆ. ಈಗ್ಲೇ ಒಸಿ ಗೇಟ್ ಎತ್ತಿ ತೋರ್ಸಿ.”

“ಈಗ ಬೇಡ ಮಾವ” ಎಂದೆ ನಾನು. ಟಬ್ಬಿನ ಅಂಚಿನವರೆಗೆ ನೀರು ಬಂದಿತ್ತು. ಗೋಡೆಯ ಬುಡದಲ್ಲಿ ಪ್ಲಾಸ್ಟರಿನ ಬಣ್ಣ ಸ್ವಲ್ಪ ಕಪ್ಪಾದಂತೆ ಕಾಣುತ್ತಿತ್ತು.

“ಒಂದೇ ಗೇಟು ಮಗ. ಒಂದ್ ಗೇಣಷ್ಟೂ ಬ್ಯಾಡ, ಬೆರಳಷ್ಟು ಎತ್ತಿ ಇಳಿಸ್ತೀನಿ.”

ದಾರ ಹಿಡಿದರು. ಸುತ್ತ ಜನ ಬಾಗಿ ನೋಡುತ್ತಿದ್ದರು, ಕೆಲವರು ಮೊಬೈಲು ಎತ್ತಿ ಹಿಡಿದಿದ್ದರು. ಅಷ್ಟು ಕಣ್ಣುಗಳ ಎದುರು ಕೈ ಇನ್ನಷ್ಟು ನಡುಗಿತು. ಹಿಡಿದ ದಾರ ಪಕ್ಕದವುಗಳಿಗೆ ಸುತ್ತಿಕೊಂಡಿತು, ಬಿಡಿಸಿಕೊಳ್ಳಲು ಎಳೆದರು. ಗೇಟುಗಳೆಲ್ಲ ಒಟ್ಟಿಗೆ ಕಿತ್ತು ಮೇಲೆ ಬಂದವು. ಅದರ ಹಿಂದೆಯೇ ನೆನೆದಿದ್ದ ಗೋಡೆ ಮಧ್ಯಕ್ಕೆ ಬಾಯಿ ಬಿಟ್ಟಿತು.

ನೀರು ಬೆತ್ಲೆಹೇಮಿನ ಮೇಲೆ ನುಗ್ಗಿತು. ಕುರಿಗಳು ತೇಲಿಕೊಂಡು ಹೊರಟವು. ಸಂತ ಜೋಸೆಫರು ಬೋರಲು ಬಿದ್ದರು. ಒಂಟೆಯೊಂದು ಮುಂದಿನ ಬೆಂಚಿನ ಕೆಳಗೆ ಹೋಗಿ ನಿಂತಿತು. ನನ್ನ ಗಂಡ ಓಡಿಬಂದು ದೀಪದ ಪ್ಲಗ್ಗು ಕಿತ್ತರು.

“ಲೇ, ಏಳ್ರಲಾ! ಗೊರೂರ್ ಡ್ಯಾಮ್ ಒಡ್ದೋಯ್ತು ಕಣ್ರಲಾ!” ಎಂದು ಗೌಡರು ಕೂಗಿದರು. ಚರ್ಚು ಎಂಬುದನ್ನೂ ಮರೆತು ಎಲ್ಲರೂ ನಕ್ಕರು.

ಆಮೇಲೆ ನಗು ತಾನಾಗಿಯೇ ನಿಂತಿತು. ಮಾವ ಅಲ್ಲೇ ನಿಂತಿದ್ದರು. ದಾರಗಳು ಬೆರಳಿಗೆ ಸುತ್ತಿಕೊಂಡಿದ್ದರಿಂದ ಕೈಯನ್ನು ಜೇಬಿಗೆ ಹಾಕಲಾಗಲಿಲ್ಲ. ದಾರದ ತುದಿಯಲ್ಲಿ ತಗಡಿನ ಗೇಟುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಹೋಟೆಲಿನಲ್ಲಿ ಯಾರಿಗೂ ಕೇಳಿಸಬಾರದೆಂದು ಅವರು ಅಡಗಿಸಿಟ್ಟ ಸದ್ದು, ಈಗ ಇಡೀ ಚರ್ಚಿಗೆ ಕೇಳಿಸಿತು.

ಗೌಡರ ಮುಖ ಬದಲಾಯಿತು. “ಅಯ್ಯೋ, ನಾನ್ ಕೇಳ್ಬಾರ್ದಿತ್ತು” ಎಂದರು ಮೆಲ್ಲಗೆ.

ನಾನು ಬೆರಳುಗಳಿಂದ ದಾರ ಬಿಡಿಸಿದೆ. ಮಾವ ಹಿಂದಿನ ಬೆಂಚಿನವರೆಗೆ ನಡೆದು, ಅಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತರು.

ಅತ್ತೆ ಆಗಲೇ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಬಕೆಟ್ಟು, ನೆಲ ಒರೆಸುವ ಬಟ್ಟೆ ತಂದಿದ್ದರು. ಫಾದರ್ ಒಳಗಿನಿಂದ ಬಂದವರು ನಿಲುವಂಗಿಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿ, ಇನ್ನೊಂದು ಬಟ್ಟೆ ಹಿಡಿದು ಅತ್ತೆಯ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು ನೀರು ಹಿಂಡತೊಡಗಿದರು. “ಬಿಡಿ ಫಾದರ್, ಪೂಜೆಗೆ ಹೊತ್ತಾಯ್ತು” ಎಂದರು ಅತ್ತೆ. “ಇದಾದ ಮೇಲೇ ಅಲ್ವಾ ಆಂಟಿ ಪೂಜೆ” ಎಂದರು ಫಾದರ್. ಗೌಡರ ಮನೆಯವರೂ ಹೊರಟವರು ಹೋಗಲಿಲ್ಲ. ಗೌಡರು ತೇಲಿಹೋದ ಕುರಿಗಳನ್ನು ಒಂದೊಂದೇ ಹೆಕ್ಕಿ, ತಮ್ಮ ಪಂಚೆಯ ಅಂಚಿನಿಂದ ಒರೆಸಿ ಸಾಲಾಗಿ ನಿಲ್ಲಿಸಿದರು. ಅಣೆಕಟ್ಟನ್ನು ಎತ್ತಿ ಹೊರಗಿಟ್ಟ ಮೇಲೆ ಉಳಿದದ್ದು ನನ್ನ ರಾಗಿ ಪೈರು, ನೆನೆದು ಕುಗ್ಗಿದ ಒಂದು ಹುಲ್ಲಿನ ಕೊಟ್ಟಿಗೆ. ಈಗ ಅದು ಎಲ್ಲಿದೆ ಎಂದು ಯಾರೂ ಕೇಳುವಂತಿರಲಿಲ್ಲ.

ಪೂಜೆಗೆ ಹೊತ್ತಾಯಿತು. ದೀಪ ಆರಿಸಿದರು, ಮೇಣದಬತ್ತಿಗಳು ಹೊತ್ತಿಕೊಂಡವು. ಫಾದರ್ ಬಾಗಿಲಿನ ಹತ್ತಿರ ಬಾಲಯೇಸುವನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಯಾರ ಹೆಸರನ್ನೂ ಕರೆಯಲಿಲ್ಲ. ಹಿಂದಿನ ಬೆಂಚಿನ ಕಡೆ ನೋಡಿದರು, ಅಷ್ಟೇ.

ಮಾವ ಎದ್ದರು. ಏಳದೇ ಇರಬಹುದೆಂದು ನಾನು ಹೆದರಿದ್ದೆ. ಎದ್ದು ಫಾದರ್ ಎದುರು ಬಂದು, ಕೈ ಚಾಚಿದರು. ಮೇಣದಬತ್ತಿಯ ಬೆಳಕಿನಲ್ಲಿ ಆ ಎರಡು ಕೈಗಳು ಎಲ್ಲರಿಗೂ ಕಂಡವು. ಬಲಗೈ ನಿಲ್ಲುತ್ತಲೇ ಇರಲಿಲ್ಲ. ಅವರೂ ಅದನ್ನು ನೋಡಿದರು, ಬೇರೆ ಯಾರದೋ ಕೈಯನ್ನು ನೋಡುವಂತೆ. ಈ ಸಲ ಅದನ್ನು ಬಚ್ಚಿಡಲಿಲ್ಲ.

“ಫಾದರ್, ಒಂದ್ನಿಮಿಷ” ಎಂದರು. ಆಮೇಲೆ ಕತ್ತಲಿಗೆ ತಿರುಗಿ, “ಲೇ, ಇವ್ಳೇ. ಎಲ್ಲಿದೀಯೆ?” ಎಂದರು.

ಅತ್ತೆ ಗೋದಲಿಯ ಹತ್ತಿರ ಇನ್ನೂ ನೆಲ ಒರೆಸುತ್ತಿದ್ದರು.

“ಏನ್ರೀ?”

“ಬಾ ಇಲ್ಲಿ. ಕೂಸ್ನ ಹಿಡ್ಕೊ.”

“ನನ್ ಕೈಯೆಲ್ಲ ಒದ್ದೆ.”

“ಒರೆಸ್ಕೊಂಡ್ ಬಾ. ನಂಗೊಬ್ನಿಗೆ ಆಗಲ್ಲ ಕಣೆ.”

ಅವರು ಆ ಮಾತನ್ನು ಮೆಲ್ಲಗೆ ಹೇಳಲಿಲ್ಲ. ಗಟ್ಟಿಯಾಗಿಯೂ ಹೇಳಲಿಲ್ಲ. ಮನೆಯಲ್ಲಿ ಉಪ್ಪು ಕೇಳುವ ದನಿಯಲ್ಲಿ ಹೇಳಿದರು. ಆದರೆ ಅದನ್ನು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು, ಪಕ್ಕದಲ್ಲೇ ಇದ್ದ, ತಿಂಗಳಿಡೀ ಅವರಿಗೆ ದಾರ ಪೋಣಿಸಿಕೊಟ್ಟ ನನಗೆ ಗೊತ್ತು.

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದರು. ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಷ್ಟು ವರ್ಷ ಆ ಚರ್ಚಿನ ನೆಲ ಗುಡಿಸಿದವರು, ಬಾಲಯೇಸುವನ್ನು ಎತ್ತಿಕೊಂಡು ಹೋಗುವ ಆ ದಾರಿಯನ್ನು ಅಂಗುಲ ಅಂಗುಲ ತೊಳೆದವರು, ಆ ಸಂಜೆ ಅದರ ನಡುವೆ ಒಮ್ಮೆಯೂ ನಡೆದಿರಲಿಲ್ಲ. ಫಾದರ್ ಪ್ರತಿಮೆಯನ್ನು ಅವರ ತೋಳಿನಲ್ಲಿಟ್ಟರು. ಮಾವ ತಮ್ಮ ಕೈಗಳನ್ನು ಅವರ ಕೈಗಳ ಕೆಳಗೆ ಕೊಟ್ಟರು.

“ಈಗ ಬಂತು ನನ್ ನೆನಪು” ಎಂದರು ಅತ್ತೆ, ಮುಂದೆ ನೋಡುತ್ತಲೇ.

“ಬಾಯ್ಮುಚ್ಕೊಂಡ್ ನಡಿಯೇ. ಎಲ್ರೂ ನೋಡ್ತಾವ್ರೆ.”

ಹಾಗೆ ಅವರಿಬ್ಬರೂ ನಡೆದು ಬಂದರು. ಮಾವನ ನಡುಕ ಅತ್ತೆಯ ಕೈಗೂ ಹತ್ತಿ, ಅವರ ಕೈಯಿಂದ ಪ್ರತಿಮೆಗೂ ಹತ್ತಿತು. ಮೇಣದಬತ್ತಿಗಳ ನಡುವೆ ಅದು ಸಣ್ಣಗೆ ಅಲುಗುತ್ತಿತ್ತು. ಇಷ್ಟು ವರ್ಷ ಅದನ್ನು ಪ್ಲಾಸ್ಟರಿನ ಬೊಂಬೆಯಾಗಿಯೇ ನೋಡಿದ್ದ ನನಗೆ, ಡಿಸೆಂಬರಿನ ಚಳಿಗೆ ನಡುಗುತ್ತಿರುವ ನಿಜವಾದ ಕೂಸಿನಂತೆ ಅದು ಕಂಡದ್ದು ಅವತ್ತೇ. ನನ್ನ ಹಿಂದೆ ಯಾರೋ ಮೂಗು ಒರೆಸಿಕೊಂಡರು. ತಿರುಗಿ ನೋಡಿದರೆ ಗೌಡರು.

ಕೊಟ್ಟಿಗೆಯ ಹುಲ್ಲು ಪೂರ್ತಿ ನೆಂದಿತ್ತು. ಮಲಗಿಸಲು ಬಾಗಿದ ಅತ್ತೆ ತಡೆದು ನಿಂತರು. ಮಾವ ಕತ್ತಿನ ಮಫ್ಲರ್ ಎಳೆದು ತೆಗೆದು, ಮಡಚಲು ಹೋದರು, ಆಗಲಿಲ್ಲ. ಹಿಂದೆಯೇ ಬಂದಿದ್ದ ನನ್ನತ್ತ ಚಾಚಿದರು. “ಮಡ್ಸಿ ಹಾಕು ಮಗ.” ಈ ಸಲ ಕನ್ನಡಕದ ಮಾತು ಬರಲಿಲ್ಲ. ನಾನು ಮಡಚಿ ಹಾಸಿದೆ. ಅತ್ತೆ ಕೂಸನ್ನು ಅದರ ಮೇಲೆ ಮಲಗಿಸಿದರು. ಗಂಟೆಗಳು ಹೊಡೆದವು, ಮಹಿಮೆಯ ಹಾಡು ಎದ್ದಿತು. ಹರಿಯಲು ನೀರಿರಲಿಲ್ಲ.

ಆ ಮಫ್ಲರ್ ಜನವರಿಯಲ್ಲಿ ಗೋದಲಿ ಬಿಚ್ಚುವವರೆಗೂ ಅಲ್ಲೇ ಇತ್ತು. ಅಷ್ಟು ದಿನವೂ ಮಾವ ಕತ್ತಿಗೆ ಅತ್ತೆಯ ಹಳೆಯ ಶಾಲು ಸುತ್ತಿಕೊಂಡೇ ಓಡಾಡಿದರು. ಗೌಡರು ಕಂಡಾಗಲೆಲ್ಲ, “ಏನ್ ಯಜಮಾನ್ರೆ, ಒಳಹರಿವು ಎಷ್ಟದೆ ಇವತ್ತು?” ಎಂದು ಕಾಡುತ್ತಿದ್ದರು. ಮಾವ ಮೊದಮೊದಲು ಮುಖ ತಿರುಗಿಸುತ್ತಿದ್ದರು. ಇಡೀ ಮನುಷ್ಯ ಬದಲಾದರು ಎಂದರೆ ಸುಳ್ಳಾಗುತ್ತದೆ. ಕಿರುಬೆರಳಿನ ಕತೆಯನ್ನು ಈಗಲೂ ಹೇಳುತ್ತಾರೆ. ಅಣೆಕಟ್ಟು ಒಡೆದದ್ದು ಪ್ಲಾಸ್ಟರಿನ ಕಂಪನಿಯವರ ಮೋಸ ಎಂದೂ ಒಂದೆರಡು ಸಲ ಹೇಳಿದರು. “ಕೋಡಿ?” ಎಂದು ಅತ್ತೆ ಒಂದೇ ಪದ ಅಂದರು. ಅಲ್ಲಿಗೆ ಆ ಮಾತು ನಿಂತಿತು.

ಫೆಬ್ರವರಿಯಲ್ಲಿ ಮತ್ತೆ ಹಾಸನಕ್ಕೆ ಹೋದೆವು. ಡಾಕ್ಟರು ನೋಡಿದರು, ಅದೇ ಮಾತ್ರೆ ಮುಂದುವರಿಸಲು ಹೇಳಿದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅದೇ ಹೋಟೆಲಿಗೆ ಹೋಗಿ ಕೂತೆವು. ಮಧ್ಯಾಹ್ನದ ಗದ್ದಲ, ಕಾಲಿಡಲು ಜಾಗವಿರಲಿಲ್ಲ. ನಮ್ಮ ಟೇಬಲ್ಲಿನಲ್ಲೇ ಇನ್ನಿಬ್ಬರು ಪರಿಚಯವಿಲ್ಲದವರು ದೋಸೆ ತಿನ್ನುತ್ತಿದ್ದರು. ಸಪ್ಲಯರ್ ಬಂದು ಬಟ್ಟೆಯಿಂದ ಟೇಬಲ್ ಒರೆಸಿದ.

ನಾನೇ ಮುಂದಾಗಿ, “ಒಂದು ಟೀ” ಎಂದೆ.

“ಎರಡು” ಎಂದರು ಮಾವ. ಬಲಗೈಯನ್ನು ಮೇಲೆತ್ತಿ ಅವನಿಗೆ ತೋರಿಸಿದರು. “ನಂಗೆ ಅರ್ಧ ಲೋಟ ಕೊಡಪ್ಪ. ದೊಡ್ಡ ಲೋಟದಲ್ಲಿ. ಕೈ ನಡುಗ್ತದೆ.”

ಅವನು ಆ ಕೈಯನ್ನು ಸರಿಯಾಗಿ ನೋಡಲೂ ಇಲ್ಲ. “ಎರಡ್ ಟೀ! ಅದ್ರಲ್ಲಿ ಒಂದ್ ಅರ್ಧಾ!” ಎಂದು ಒಳಗೆ ಕೂಗಿ ಪಕ್ಕದ ಟೇಬಲ್ಲಿಗೆ ಹೋದ. ದೋಸೆ ತಿನ್ನುತ್ತಿದ್ದವರು ತಲೆ ಎತ್ತಲಿಲ್ಲ.

ಟೀ ಬಂತು. ಮಾವ ಎರಡೂ ಕೈಯಲ್ಲಿ ಲೋಟ ಹಿಡಿದು, ಬಾಯಿಯನ್ನೇ ಅದರ ಹತ್ತಿರ ತಂದು ಒಂದು ಗುಟುಕು ಕುಡಿದರು. ಸ್ವಲ್ಪ ಚೆಲ್ಲಿತು. ನಾನು ಕರವಸ್ತ್ರ ತೆಗೆಯುವಷ್ಟರಲ್ಲಿ ಮಫ್ಲರಿನ ತುದಿಯಿಂದ ತಾವೇ ಒರೆಸಿದರು. ಅದರ ನೂಲಿನಲ್ಲಿ ಇನ್ನೂ ಒಂದೆರಡು ಹುಲ್ಲೆಳೆ ಸಿಕ್ಕಿಕೊಂಡಿದ್ದವು.

“ಸಕ್ಕರೆ ಒಸಿ ಜಾಸ್ತಿ ಆಯ್ತು” ಎಂದರು. “ಆದ್ರೂ ಚೆನ್ನಾಗದೆ ಕಣಮ್ಮ. ಇನ್ನೊಂದರ್ಧ ಹೇಳು.”